ನೆಲಕ್ಕೆ ಹಾಕಿದ ನೀರು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಯಾರಾದರೂ ನನ್ನೆದುರು ಹೇಳಿದರೆ ನನಗೆ ರೇಗುತ್ತದೆ. ಯಾಕೆಂದರೆ ನಾನು ಕುಣಿಯಲು ಕಲಿತ ಶಾಲೆಯಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ರಷ್ಯಾದ ಹಳೆಯ ರಂಗಮಂದಿರಗಳಲ್ಲಿ ವೇದಿಕೆ ಪ್ರೇಕ್ಷಕರ ಕಡೆಗೆ ಇಳಿಜಾರಾಗಿರುತ್ತದೆ. ಹಾಗಾಗಿ ನಮ್ಮ ಬ್ಯಾಲೆ ಶಾಲೆಯಲ್ಲೂ ಅಭ್ಯಾಸದ ಕೋಣೆಯ ನೆಲವನ್ನು ಅಷ್ಟೇ ಇಳಿಜಾರಾಗಿ ಕಟ್ಟಿದ್ದರು. ಹತ್ತನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ನಾನು ಆ ಇಳಿಜಾರಿನಲ್ಲಿ ನಿಂತು, ಜಿಗಿದು, ಬಿದ್ದು ಬೆಳೆದವಳು.

ಬೆಂಗಳೂರಿನ ಹುಡುಗಿ ಅಲ್ಲಿಗೆ ಹೇಗೆ ಹೋದಳು ಎಂದು ಎಲ್ಲರೂ ಕೇಳುತ್ತಾರೆ. ದೊಡ್ಡ ಕತೆಯೇನಿಲ್ಲ. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ಕೆಲಸದಲ್ಲಿದ್ದರು. ಅವರನ್ನು ನಾಲ್ಕು ವರ್ಷಕ್ಕೆಂದು ಉರಲ್ ಬೆಟ್ಟಗಳ ಕಡೆಯ ಒಂದು ಊರಿಗೆ ಕಳಿಸಿದರು; ಅಮ್ಮನೂ ನಾನೂ ಜೊತೆಗೆ ಹೋದೆವು. ಚಳಿಗಾಲದಲ್ಲಿ ಮಕ್ಕಳನ್ನು ಹೊರಗೆ ಆಡಲು ಬಿಡುವಂತಿರಲಿಲ್ಲ, ಪಕ್ಕದ ಮನೆಯಾಕೆ ತನ್ನ ಮಗಳ ಜೊತೆ ನನ್ನನ್ನೂ ನೃತ್ಯದ ಕ್ಲಾಸಿಗೆ ಕರೆದುಕೊಂಡು ಹೋದಳು. ಮುಂದೆ ದೊಡ್ಡ ಶಾಲೆಯ ಪರೀಕ್ಷೆ ಬಂತು. ಮೂವರು ಹೆಂಗಸರು ಸಂತೆಯಲ್ಲಿ ಎತ್ತಿನ ಕಾಲು ನೋಡುವ ಹಾಗೆ ನನ್ನ ಕಾಲುಗಳನ್ನು ತಿರುಗಿಸಿ, ಮಡಚಿ, ಎತ್ತಿ ನೋಡಿದರು. ತೆಗೆದುಕೊಂಡರು. ಅಪ್ಪ ಅಮ್ಮ ವಾಪಸು ಹೊರಟಾಗ ನನಗೆ ಹದಿಮೂರು. ನಾನು ಬರುವುದೇ ಇಲ್ಲ ಎಂದು ರಚ್ಚೆ ಹಿಡಿದು ಹಾಸ್ಟೆಲಿನಲ್ಲಿ ಉಳಿದೆ. ಹಟಮಾರಿ ಎಂದು ಅಮ್ಮ ಆವತ್ತು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆ ಶಾಲೆಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಮುಂದಿನದೆಲ್ಲ ಅದರಿಂದಲೇ ಆದದ್ದು. ಪ್ರತಿದಿನ ಪಾಠಕ್ಕೆ ಮುಂಚೆ ನೆಲಕ್ಕೆ ನೀರು ಹಾಕಬೇಕಿತ್ತು. ಹೂಗಿಡಗಳಿಗೆ ನೀರು ಹಾಕುವಂಥ ತಗಡಿನ ಕ್ಯಾನು ಮೂಲೆಯಲ್ಲಿ ಇರುತ್ತಿತ್ತು. ಸರದಿ ಬಂದವಳು ಅದನ್ನು ಹಿಡಿದು ಮರದ ಹಲಗೆಗಳ ಮೇಲೆ ಸಣ್ಣಗೆ ಚಿಮುಕಿಸುತ್ತಾ ಹಿಂದಕ್ಕೆ ಸರಿಯಬೇಕು. ಹಳೆಯ ಮರ ನೀರು ಕುಡಿಯುತ್ತದೆ, ತೇವವಾದ ಮರ ಶೂವಿನ ಅಡಿಯನ್ನು ಹಿಡಿದುಕೊಳ್ಳುತ್ತದೆ, ಆಗ ಕಾಲು ಜಾರುವುದಿಲ್ಲ. ಹೆಚ್ಚಾದರೂ ಬೈಗುಳ, ಕಡಿಮೆಯಾದರೂ ಬೈಗುಳ. ಫೋನಿನಲ್ಲಿ ಹೇಳಿದಾಗ ಅಮ್ಮ ಬಿದ್ದು ಬಿದ್ದು ನಕ್ಕಿದ್ದಳು. "ಅಂಗಳಕ್ಕೆ ನೀರು ಹಾಕೋದು ಕಲಿಯೋಕೆ ಅಷ್ಟು ದೂರ ಹೋಗಬೇಕಿತ್ತೇನೆ?" ಒಂಬತ್ತು ವರ್ಷ ಹಾಕಿದ ಮೇಲೆ ನನಗೆ ಅದು ಸಂಜೆ ದೇವರಿಗೆ ದೀಪ ಹಚ್ಚುವಷ್ಟೇ ಸಹಜವಾಗಿಹೋಗಿತ್ತು. ನೀರು ಹಾಕದೆ ಕಾಲೆತ್ತಿದರೆ ಏನೋ ಅಪಚಾರ ಮಾಡಿದ ಹಾಗೆ ಅನ್ನಿಸುತ್ತಿತ್ತು.

ಶಾಲೆ ಮುಗಿದಾಗ ಅಲ್ಲಿನ ಯಾವ ರಂಗಮಂದಿರವೂ ನನ್ನನ್ನು ತೆಗೆದುಕೊಳ್ಳಲಿಲ್ಲ. ಕಾಲು ಒಳ್ಳೆಯದು, ಕತ್ತು ಒಳ್ಳೆಯದು, ಎತ್ತರ ಸಾಲದು ಎಂದರು. ಐರ್ಲೆಂಡಿನಲ್ಲಿ ಊರೂರು ತಿರುಗುವ ಒಂದು ಸಣ್ಣ ತಂಡ ನನ್ನ ವಿಡಿಯೋ ನೋಡಿ ಕರೆಯಿತು. ಮೊದಲ ವರ್ಷ ನಾನು ಸಾಲಿನಲ್ಲಿ ಕೊನೆಯವಳು. ಹಿಮದ ಹಳಕು, ಹಕ್ಕಿ, ಮದುವೆಗೆ ಬಂದ ನೆಂಟರವಳು, ಗುಂಪಿನಲ್ಲಿ ಏನೇನು ಆಗಬಹುದೋ ಎಲ್ಲ ಆದೆ. ಅತ್ಲೋನ್‌ನಿಂದ ಪ್ರದರ್ಶನ ಮುಗಿಸಿ ವಾಪಸು ಬರುವ ಬಸ್ಸಿನಲ್ಲಿ ಶೂಗಳಿಗೆ ರಿಬ್ಬನ್ ಹೊಲಿಯುತ್ತಾ, ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಾ, ಇಷ್ಟಕ್ಕಾಗಿಯಾ ನಾನು ಅಮ್ಮನನ್ನು ಬಿಟ್ಟು ಉಳಿದದ್ದು ಎಂದುಕೊಳ್ಳುತ್ತಿದ್ದೆ. ಎರಡನೇ ವರ್ಷ ತಂಡದ ನಿರ್ದೇಶಕಿ ಕರೆದು, ವಸಂತದ ಹೊಸ ಪ್ರದರ್ಶನದಲ್ಲಿ ಒಂದು ಒಂಟಿ ನೃತ್ಯ ನನಗೆ ಎಂದು ಹೇಳಿದರು. ಒಂದು ನಿಮಿಷ ನಲವತ್ತು ಸೆಕೆಂಡು. ಅಷ್ಟು ಹೊತ್ತು ವೇದಿಕೆಯ ಮೇಲೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ನಾನು ಬಾತ್‌ರೂಮಿಗೆ ಹೋಗಿ ಬಾಯಿಗೆ ಟವೆಲ್ ಒತ್ತಿಕೊಂಡು ಕಿರುಚಿದೆ. ಪ್ರದರ್ಶನಕ್ಕೆ ಹತ್ತು ದಿನ ಇದ್ದಾಗ ಕೊರೋನಾ ಬಂದು ದೇಶ ಮುಚ್ಚಿತು.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗಿಯರೆಲ್ಲ ಸಿಕ್ಕ ವಿಮಾನ ಹತ್ತಿ ತಮ್ಮ ತಮ್ಮ ದೇಶಗಳಿಗೆ ಹೋದರು. ನಾನು ಹೊರಡುವ ಹೊತ್ತಿಗೆ ಬೆಂಗಳೂರಿನ ವಿಮಾನಗಳು ನಿಂತಿದ್ದವು. ಮನೆಯ ಮಾಲೀಕ ಬೀಗ ಹಾಕಿಕೊಳ್ಳುತ್ತೇನೆಂದ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಕೋಣೆ ಬೇಕು ಎಂದು ಹಾಕಿದೆ. ಆಡಮ್ಸ್‌ಟೌನ್‌ನಿಂದ ಒಬ್ಬರೇ ಒಬ್ಬರು ಉತ್ತರ ಕೊಟ್ಟರು. ದಾವಣಗೆರೆಯವರು, ಅಲ್ಲೇ ಓದಿ ಬಂದ ಡಾಕ್ಟರು, ನಲವತ್ತೆರಡು ನಲವತ್ತಮೂರು ವಯಸ್ಸು, ಮದುವೆಯಾಗಿರಲಿಲ್ಲ. ನಾನು ಅವರನ್ನು ಮೊದಲ ದಿನದಿಂದಲೂ ಅಕ್ಕ ಎಂದೇ ಕರೆದೆ. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ಅವರು ಆರಡಿ ದೂರದಿಂದಲೇ ಕೇಳಿದರು.

"ನಾನು ದಿನಾ ಆಸ್ಪತ್ರೆಗೆ ಹೋಗಿ ಬರೋಳು. ನಮ್ಮನೆ ಅಂದ್ರೆ ಜನ ರಸ್ತೆ ಬದಲಿಸ್ತಾರೆ. ನಿನಗೆ ಹೆದರಿಕೆ ಇಲ್ವಾ?"

"ಹೋಗೋಕೆ ಬೇರೆ ಜಾಗ ಇಲ್ಲ ಅಕ್ಕ."

"ಸತ್ಯ ಹೇಳಿದೆ. ಒಳಗೆ ಬಾ."

ಅಕ್ಕ ಅರಿವಳಿಕೆ ಕೊಡುವ ಅನಸ್ತೇಶಿಯಾ ಡಾಕ್ಟರು. ಉಸಿರಾಡಲಾಗದ ಸ್ಥಿತಿಗೆ ಬಂದವರನ್ನು ನಿದ್ದೆ ಮಾಡಿಸಿ ಗಂಟಲೊಳಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸುವುದು ಆಗ ಅವರ ಹಗಲೂ ರಾತ್ರಿಯ ಕೆಲಸ. ಒಂದು ದಿನ ಊಟ ಮಾಡುತ್ತಾ ಸೌಟು ಹಿಡಿದು ತೋರಿಸಿದ್ದರು. ಎಡಗೈಯಲ್ಲಿ ಉಕ್ಕಿನ ಹಿಡಿಕೆ, ಅದರಿಂದ ನಾಲಿಗೆಯನ್ನೂ ದವಡೆಯನ್ನೂ ನೇರವಾಗಿ ಮೇಲಕ್ಕೆ ಎತ್ತಬೇಕು. ಮಣಿಕಟ್ಟು ಮಡಚಬಾರದು, ಅಲುಗಬಾರದು. ಬಲಗೈಯಲ್ಲಿ ಕೊಳವೆ. "ಎಲ್ಲಾ ಎಡಗೈಯಲ್ಲೇ ಐತವ್ವ. ಬಲಗೈ ಕೆಲಸ ಯಾರು ಬೇಕಾದ್ರೂ ಮಾಡಬೋದು," ಎಂದಿದ್ದರು.

ನನ್ನ ಅಭ್ಯಾಸ ಅಡುಗೆಮನೆಯಲ್ಲಿ. ಸಿಂಕಿನ ಅಂಚು ಹಿಡಿದುಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಶುರು. ಎರಡನೇ ದಿನ ನಾನು ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ನೆಲಕ್ಕೆ ನೀರು ಚಿಮುಕಿಸುವುದನ್ನು ಅಕ್ಕ ನೋಡಿದರು.

"ಏನವ್ವ ಇದು, ಅಡುಗೆಮನೇಲಿ ರಂಗೋಲಿ ಬಿಡ್ತೀಯಾ?"

ನಾನು ನಮ್ಮ ಶಾಲೆಯ ಪದ್ಧತಿ ಹೇಳಿದೆ.

"ಅಲ್ಲಿದ್ದದ್ದು ಮರ. ಇದು ಮರದ ಚಿತ್ರ ಅಂಟಿಸಿರೋ ಲ್ಯಾಮಿನೇಟು. ಇದೆಲ್ಲಿ ನೀರು ಕುಡಿಯತ್ತೆ?"

"ಚಿಮುಕಿಸಿ ಬಟ್ಟೇಲಿ ಒರೆಸ್ತೀನಿ ಅಕ್ಕ. ತೇವ ಮಾತ್ರ ಉಳಿಯುತ್ತೆ. ಅದಿಲ್ದೇ ಇದ್ರೆ ಕಾಲು ನಿಲ್ಲಲ್ಲ."

"ನಾನು ಬರೋ ಹೊತ್ತಿಗೆ ಒಣಗಿರಬೇಕು ನೋಡು," ಎಂದರು, ಅಷ್ಟೇ.

ಅವರು ರಾತ್ರಿ ಪಾಳಿ ಮುಗಿಸಿ ಬರುವುದು ಒಂಬತ್ತೂವರೆಗೆ. ಅದಕ್ಕೂ ಒಂದು ಶಿಸ್ತಿತ್ತು. ಶೂ ಬಾಗಿಲಲ್ಲೇ ಬಿಚ್ಚಬೇಕು, ಸೀದಾ ಮೇಲಕ್ಕೆ ಹೋಗಿ ಬಟ್ಟೆ ಚೀಲಕ್ಕೆ ಹಾಕಿ ಸ್ನಾನ ಮಾಡಬೇಕು, ಆಮೇಲೆ ಕೆಳಗೆ. ಸ್ನಾನವಿಲ್ಲದೆ ಅವರು ಅಡುಗೆಮನೆಗೆ ಕಾಲಿಟ್ಟದ್ದೇ ಇಲ್ಲ. ಹಾಗಾಗಿ ನಾನೂ ನಿಶ್ಚಿಂತಳಾಗಿದ್ದೆ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ. ಆ ವರ್ಷ ಐರ್ಲೆಂಡಿನಲ್ಲಿ ಎಂದೂ ಇಲ್ಲದ ಬಿಸಿಲು. ಹಿಂದಿನ ದಿನ ಹೊಸ ಶೂ ಕಚ್ಚಿ ಹಿಮ್ಮಡಿ ಸುಲಿದಿತ್ತು, ಪಟ್ಟಿ ಹಾಕಿಕೊಳ್ಳುವುದರಲ್ಲಿ ತಡವಾಗಿತ್ತು. ನೀರು ಚಿಮುಕಿಸಿದ್ದೆ, ಇನ್ನೂ ಒರೆಸಿರಲಿಲ್ಲ. ಸಿಂಕಿನ ಹತ್ತಿರ ಬಗ್ಗಿ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದೆ. ಮುಂಬಾಗಿಲು ತೆಗೆದ ಸದ್ದಾಯಿತು. ಅಕ್ಕ ಮೇಲಕ್ಕೆ ಹೋಗಲಿಲ್ಲ. ಕೋಟು ಬಿಚ್ಚದೆ, ಬರೀ ಕಾಲುಚೀಲದಲ್ಲಿ, ಅಡುಗೆಮನೆಯ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತರು. ಅಕ್ಕಾ ನೀರು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಎರಡು ಹೆಜ್ಜೆ ಇಟ್ಟಿದ್ದರು. ಎರಡೂ ಕಾಲು ಒಟ್ಟಿಗೆ ಜಾರಿದವು. ಎಡಗೈ ಊರಿ ಬಿದ್ದರು. ಒಣಗಿದ ಕಡ್ಡಿ ಮುರಿದ ಹಾಗೆ ಒಂದು ಸದ್ದು.

ನಾನು ಕಿರುಚಿದೆ. ಅವರು ಕಿರುಚಲಿಲ್ಲ. ನೆಲದ ಮೇಲೆ ಕೂತು, ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದು, ಬೇರೆಯವರ ಕೈ ನೋಡುವ ಹಾಗೆ ನೋಡಿದರು. ಮಣಿಕಟ್ಟಿನ ಹತ್ತಿರ ಕೈ ಊಟದ ಫೋರ್ಕಿನ ಹಾಗೆ ಬಾಗಿತ್ತು.

"ಮುರೀತು," ಎಂದರು. "ಒಂದು ವೇಲ್ ತಗೊಂಬಾ. ಟ್ಯಾಕ್ಸಿಗೆ ಫೋನ್ ಮಾಡು."

"ಆಂಬುಲೆನ್ಸ್ ಕರೀತೀನಿ ಅಕ್ಕ..."

"ಅದಕ್ಕೆ ಬೇರೆ ಕೆಲಸ ಐತೆ. ಟ್ಯಾಕ್ಸಿ ಅಂದ್ನಲ್ಲ."

ಆಸ್ಪತ್ರೆಯ ಒಳಗೆ ನನ್ನನ್ನು ಬಿಡಲಿಲ್ಲ. ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಐದು ಗಂಟೆ ನಿಂತೆ. ಶೂ ಬಿಚ್ಚುವುದು ಮರೆತು, ಬೆರಳ ತುದಿಯ ಮೇಲೆ ನಿಂತು ಕುಣಿಯುವ ಗುಲಾಬಿ ಬಣ್ಣದ ಪಾಯಿಂಟ್ ಶೂವಿನಲ್ಲೇ ಬಂದುಬಿಟ್ಟಿದ್ದೆ. ಹೋಗಿ ಬರುವವರೆಲ್ಲ ನನ್ನ ಕಾಲು ನೋಡುತ್ತಿದ್ದರು. ಇಡೀ ಊರಿಗೆ ಉಸಿರು ಕೊಡುವವರು ಬೇಕಾಗಿರುವ ಹೊತ್ತಿನಲ್ಲಿ ಉಸಿರು ಕೊಡುವ ಕೈಯೊಂದನ್ನು ನಾನು ಮುರಿದಿದ್ದೆ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ಆ ಕೋತಿ ನಾನೇ. ಥೂ ನಿನ್ನ ಜನ್ಮಕ್ಕೆ ಎಂದು ನನಗೆ ನಾನೇ ಎಷ್ಟು ಸಲ ಬೈದುಕೊಂಡೆನೋ.

ಮೂಳೆ ಎರಡು ಕಡೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ಆಮೇಲೆ ಕೈ ಎಷ್ಟರಮಟ್ಟಿಗೆ ವಾಪಸು ಬರುತ್ತದೆ ಎಂದು ಈಗಲೇ ಹೇಳಲಾಗದು ಎಂದಿದ್ದರಂತೆ. ಸಾಮಾನ್ಯ ಮನುಷ್ಯರಿಗೆ ಎಂಬತ್ತು ಭಾಗ ಬಂದರೂ ನಡೆಯುತ್ತದೆ. ಅಕ್ಕನ ಕೆಲಸಕ್ಕೆ ನೂರಕ್ಕೆ ನೂರು ಬೇಕು. ಬರದೇ ಹೋದರೆ ಹದಿನೆಂಟು ವರ್ಷದ ಕಸುಬು ಅಲ್ಲಿಗೆ ಮುಗಿಯಿತು. ಇದನ್ನು ಅವರೇ ವಾಪಸು ಬರುವ ಟ್ಯಾಕ್ಸಿಯಲ್ಲಿ, ಕಿಟಕಿಯಾಚೆ ನೋಡುತ್ತಾ, ಹವಾಮಾನದ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಆವತ್ತೂ ಇಲ್ಲ, ಮಾರನೇ ದಿನವೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ದೊಡ್ಡ ಮನಸ್ಸಿನವರು ಎಂದುಕೊಂಡು ನಾನು ಇನ್ನಷ್ಟು ಕುಗ್ಗಿದೆ.

ಆವತ್ತು ಸಂಜೆ ಅಕ್ಕನ ಮನೆಯ ದೇವರ ಪಟದ ಮುಂದೆ ನಿಂತು ಹರಕೆ ಹೊತ್ತೆ. ಅಕ್ಕನ ಎಡಗೈ ಮೊದಲಿನಂತೆ ಆಗುವವರೆಗೂ ನಾನು ಪಾಯಿಂಟ್ ಶೂ ಹಾಕುವುದಿಲ್ಲ, ಸಿಂಕಿನ ಅಂಚು ಹಿಡಿದು ನಿಲ್ಲುವುದಿಲ್ಲ, ಒಂದು ಹೆಜ್ಜೆಯನ್ನೂ ಕುಣಿಯುವುದಿಲ್ಲ. ಅವರ ಕೈ ಬಾರದಿದ್ದರೆ ನನ್ನ ಕಾಲೂ ಬೇಡ. ಇಪ್ಪತ್ತೊಂದು ವರ್ಷದ ನರ್ತಕಿಗೆ ಹರಕೆ ಹೊರಲು ಇದಕ್ಕಿಂತ ದೊಡ್ಡದು ಏನಿದೆ? ಕಾಯಿ, ಕರ್ಪೂರ, ಮುಡಿ ಏನು ಬೇಕಾದರೂ ಕೊಡಬಹುದಿತ್ತು. ಕೊಡುವುದಾದರೆ ಉಳಿದಿದ್ದ ಒಂದೇ ಆಸ್ತಿಯನ್ನು ಕೊಡಬೇಕು ಎನ್ನಿಸಿತು. ಅಕ್ಕನಿಗೆ ಹೇಳಲಿಲ್ಲ. ಹರಕೆಯನ್ನು ಹೇಳಿಕೊಂಡು ತಿರುಗಬಾರದು.

ಆಮೇಲಿನ ವಾರಗಳಲ್ಲಿ ನಾನು ಅಕ್ಕನ ಎಡಗೈಯಾದೆ. ತಲೆ ಬಾಚಿ ಜಡೆ ಹಾಕುವುದು, ಚೂಡಿದಾರದ ಲಾಡಿ ಕಟ್ಟುವುದು, ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಸ್ನಾನಕ್ಕೆ ಕಳಿಸುವುದು. ಅಡುಗೆ ಮಾತ್ರ ನನಗೆ ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ತಿಂದದ್ದನ್ನೇ ಬೇಯಿಸಿದೆ, ಹುರುಳಿಯಂಥ ಕಂದು ಕಾಳಿನ ಗಂಜಿ. ಅಕ್ಕ ಒಂದು ಚಮಚ ಬಾಯಿಗಿಟ್ಟು, "ದಾವಣಗೆರೇಲಿ ಇದನ್ನ ಎಮ್ಮೆಗೂ ಹಾಕಲ್ಲ ಕಣವ್ವ," ಎಂದರು. ಕುರ್ಚಿಯಲ್ಲಿ ಕೂತು ಬಾಯಲ್ಲೇ ಹೇಳಿ ಹೇಳಿ ಜೋಳದ ರೊಟ್ಟಿ ತಟ್ಟುವುದು ಕಲಿಸಿದರು. ಊರಿನಲ್ಲಿದ್ದ ಅವರ ತಾಯಿ ವಿಡಿಯೋ ಕಾಲ್ ಮಾಡಿದಾಗ ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, "ಎಲ್ಲಾ ಆರಾಮ್ ಅವ್ವ, ಡ್ಯೂಟಿ ಕಡಿಮೆ ಮಾಡ್ಯಾರೆ," ಎನ್ನುತ್ತಿದ್ದರು. ನನಗೆ ಕಣ್ಣು ತುಂಬುತ್ತಿತ್ತು. ಅವರು ಮಾತ್ರ ಮಗುವಿನಂತೆ ನಿದ್ದೆ ಮಾಡುತ್ತಿದ್ದರು. ಮೊದಲ ವಾರ ದಿನಕ್ಕೆ ಹದಿಮೂರು ಹದಿನಾಲ್ಕು ಗಂಟೆ. ನೋವಿನ ಮಾತ್ರೆಯಿಂದ ಇರಬೇಕು ಎಂದುಕೊಂಡೆ.

ಪಕ್ಕದ ಮನೆಯ ಐರಿಷ್ ಅಜ್ಜಿ ಬೇಲಿಯಾಚೆಯಿಂದ ಕೈ ಹೇಗಿದೆ ಎಂದು ಕೇಳಿದರೆ ಅಕ್ಕ, ಆರಾಮು ಎನ್ನಲು ಅಲ್ಲಿನವರು ಹೇಳುವಂತೆಯೇ, "ಗ್ರ್ಯಾಂಡ್, ಗ್ರ್ಯಾಂಡ್," ಎಂದು ನಗುತ್ತಿದ್ದರು. ಆ ದಿನಗಳಲ್ಲಿ ಸಂಜೆ ಜನ ಬಾಗಿಲಿಗೆ ಬಂದು ಡಾಕ್ಟರು ನರ್ಸುಗಳಿಗಾಗಿ ಚಪ್ಪಾಳೆ ತಟ್ಟಿದ್ದುಂಟು. ಒಮ್ಮೆ ಬೀದಿಯವರೆಲ್ಲ ನಮ್ಮ ಮನೆಯ ಕಡೆಗೇ ತಿರುಗಿ ತಟ್ಟಿದರು. ಅಕ್ಕ ಒಳಗೆ ಹೋಗಿ ಪರದೆ ಎಳೆದುಕೊಂಡು ಕೂತರು. ಆಸ್ಪತ್ರೆಯಲ್ಲಿ ಇರಬೇಕಾಗಿದ್ದವಳು ಮನೆಯಲ್ಲಿ ಕೂರಬೇಕಾಯಿತಲ್ಲ ಎಂಬ ಸಂಕಟ ಎಂದು ನಾನು ತಿಳಿದೆ. ನನ್ನಿಂದ, ಎಲ್ಲ ನನ್ನಿಂದ.

ಜೂನಿನಲ್ಲಿ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದ ಕೈ ತೆಳ್ಳಗೆ, ಬಿಳಿಚಿಕೊಂಡು, ಸಿಪ್ಪೆ ಏಳುತ್ತಿತ್ತು. ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ. ವ್ಯಾಯಾಮ ಮಾಡಿ ಎಂದು ಫೋನಿನಲ್ಲೇ ಹೇಳಿದರು. ವ್ಯಾಯಾಮವೆಂದರೆ ನನಗೆ ಬಿಡಿ! ನನ್ನ ಕಣಕಾಲು ಹದಿನೈದನೇ ವಯಸ್ಸಿನಲ್ಲಿ ಉಳುಕಿದಾಗ ನಮ್ಮ ಟೀಚರು ಹೇಗೆ ತಿದ್ದಿ ನಿಲ್ಲಿಸಿದ್ದರೋ ಅದೇ ಕ್ರಮದಲ್ಲಿ ಹಿಡಿದೆ. ಊಟದ ಮೇಜಿನ ಅಂಚಿನಲ್ಲಿ ಮೊಣಕೈ, ರಷ್ಯನ್ನಿನಲ್ಲಿ ಎಂಟರವರೆಗೆ ಎಣಿಕೆ, ಮೇಲೆ ನಾಲ್ಕು, ಕೆಳಗೆ ನಾಲ್ಕು. ಬೆಳಿಗ್ಗೆ ಮಧ್ಯಾಹ್ನ ಸಂಜೆ. ಮೊದಲು ಬರಿಗೈ, ಆಮೇಲೆ ಚಮಚ, ಆಮೇಲೆ ಖಾಲಿ ಚೊಂಬು, ಆಮೇಲೆ ಚೊಂಬಿನಲ್ಲಿ ಸ್ವಲ್ಪ ಸ್ವಲ್ಪ ನೀರು. ಅಕ್ಕನಿಗೂ ಎಣಿಕೆ ಬಾಯಿಗೆ ಬಂತು. ನಾಲ್ಕನೇ ವಾರ ಅರ್ಧ ಚೊಂಬಿಗೆ ಬಂದೆವು. ಅಲ್ಲಿ ಕೈ ನಿಂತುಬಿಟ್ಟಿತು. ಅದಕ್ಕಿಂತ ಒಂದು ಲೋಟ ಹೆಚ್ಚಾದರೂ ಮಣಿಕಟ್ಟು ಬಾಗಿ ನೀರು ಚೆಲ್ಲುತ್ತಿತ್ತು. ಆಸ್ಪತ್ರೆಯಿಂದ ವಾರಕ್ಕೊಮ್ಮೆ ಫೋನು. ಇನ್ನೂ ಇಲ್ಲ ಎಂದು ಅಕ್ಕ ಹೇಳುವುದು ನನಗೆ ಕೇಳಿಸುತ್ತಿತ್ತು.

ಜುಲೈಯ ಒಂದು ಗುರುವಾರ ನಿರ್ದೇಶಕಿಯ ಫೋನು ಬಂತು. ಖಾಲಿ ರಂಗಮಂದಿರದಲ್ಲಿ ಪ್ರದರ್ಶನವನ್ನು ಚಿತ್ರೀಕರಿಸುತ್ತಾರಂತೆ. ಒಂಟಿ ನೃತ್ಯ ಇನ್ನೂ ನನ್ನದೇ. ಆದರೆ ಎಲ್ಲರೂ ಯಾವ ಸ್ಥಿತಿಯಲ್ಲಿದ್ದಾರೆ ನೋಡಬೇಕು, ಸೋಮವಾರದೊಳಗೆ ಅದನ್ನು ಕುಣಿದು ವಿಡಿಯೋ ಕಳಿಸು ಎಂದರು. ಹೂಂ ಎಂದು ಫೋನಿಟ್ಟೆ. ನಾನು ಕುಣಿಯದೆ ಹನ್ನೊಂದು ವಾರವಾಗಿತ್ತು. ನನ್ನ ಒಂದು ನಿಮಿಷ ನಲವತ್ತು ಸೆಕೆಂಡು ಈಗ ಅಕ್ಕನ ಅರ್ಧ ಚೊಂಬಿನಲ್ಲಿ ಸಿಕ್ಕಿಕೊಂಡಿತ್ತು.

ಶುಕ್ರವಾರ ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕಿಟಕಿಯ ಗಾಜಿನಲ್ಲಿ ಅಡುಗೆಮನೆ ಕಾಣುತ್ತಿತ್ತು. ಕುಕ್ಕರು ಕೂಗಿತು. ಅಕ್ಕ ಬಲಗೈಯಲ್ಲಿ ಫೋನು ಹಿಡಿದು ಯಾರ ಜೊತೆಗೋ ಮಾತಾಡುತ್ತಾ, ಅನ್ನ ಬೇಳೆ ತುಂಬಿದ್ದ ಐದು ಲೀಟರಿನ ಕುಕ್ಕರನ್ನು ಎಡಗೈಯಿಂದ ಎತ್ತಿ ಪಕ್ಕಕ್ಕಿಟ್ಟರು. ಮಣಿಕಟ್ಟು ಬಾಗಲಿಲ್ಲ. ನಾನು ಒದ್ದೆ ಟವೆಲ್ ಹಿಡಿದು ಹಾಗೇ ನಿಂತೆ.

ಶನಿವಾರ ಬೆಳಿಗ್ಗೆ ಚೊಂಬು ತುಂಬಿ ಮುಂದಿಟ್ಟೆ. ಅಕ್ಕ ಎತ್ತಿದರು. ಅರ್ಧಕ್ಕೆ ಬಂದು ಕೈ ನಡುಗಿತು, ನೀರು ಚೆಲ್ಲಿತು. ನಮ್ಮ ಟೀಚರು ಕೋಣೆಯ ಆ ತುದಿಯಿಂದಲೇ ಕಳ್ಳತನ ಮಾಡುವ ಸ್ನಾಯುವನ್ನು ಹಿಡಿಯುತ್ತಿದ್ದರು. ಆಗದೆ ನಡುಗುವ ದೇಹವೇ ಬೇರೆ, ನಡುಗಿಸುವ ದೇಹವೇ ಬೇರೆ. ನಡುಗಿಸುವಾಗ ಹೆಗಲು ಮೊದಲೇ ಬಿಗಿಯುತ್ತದೆ. ಅಕ್ಕನ ಹೆಗಲು ಬಿಗಿದಿತ್ತು.

"ಇನ್ನೊಂದು ಸಲ," ಎಂದೆ.

"ಆಗಲ್ವೇ, ನೋಯ್ತೈತೆ."

"ನೋಯ್ತಿಲ್ಲ! ನಿಮ್ಮ ಕೈ ಸರಿಯಾಗಿದೆ. ನಿನ್ನೆ ಕುಕ್ಕರ್ ಎತ್ತಿದ್ದು ನೋಡಿದೀನಿ ನಾನು. ಯಾಕಕ್ಕ ನಾಟಕ ಮಾಡ್ತೀರ? ನನ್ನ ಗತಿ ಏನಾಗಿದೆ ಗೊತ್ತಾ ನಿಮಗೆ?"

ಹಿರಿಯರಿಗೆ ಹಾಗೆ ಎದುರು ಕೂಗಿದವಳಲ್ಲ ನಾನು. ಬಾಯಿಂದ ಎಲ್ಲ ಬಂದುಬಿಟ್ಟಿತು. ಹರಕೆ, ಹನ್ನೊಂದು ವಾರ, ಸೋಮವಾರದ ವಿಡಿಯೋ. ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದರು.

"ಹನ್ನೊಂದು ವಾರ ನೀನು ಕುಣಿದೇ ಇಲ್ವಾ?" ಎಂದರು. "ನಾನು ಮಲಗಿರೋವಾಗ ಮಾಡ್ಕೋತೀಯ ಅಂದ್ಕೊಂಡಿದ್ದೆ."

"ಹೇಗೆ ಕುಣೀಲಿ? ನಿಮ್ಮ ಕೈ ಮುರಿದೋಳು ನಾನು."

ಅಕ್ಕ ಮೇಜಿನ ಮೇಲೆ ಚೆಲ್ಲಿದ ನೀರನ್ನು ಸೆರಗಿನಂತೆ ಹೊದ್ದಿದ್ದ ವೇಲಿನ ಅಂಚಿನಿಂದ ಒರೆಸಿದರು. ತುಂಬ ಹೊತ್ತು ಒರೆಸಿದರು.

"ನೀರು ನನಗೆ ಕಂಡಿತ್ತು," ಎಂದರು.

ನನಗೆ ಅರ್ಥವಾಗಲಿಲ್ಲ.

"ಆವತ್ತು. ಬಾಗಿಲಲ್ಲಿ ನಿಂತಾಗ ನೆಲ ಬಿಸಿಲಿಗೆ ಹೊಳೀತಿತ್ತು. ನೀರು ಹಾಕಿದಾಳೆ, ಇನ್ನೂ ಒರೆಸಿಲ್ಲ ಅಂತ ಗೊತ್ತಾಯ್ತು. ಬಿದ್ರೆ ಬೀಳ್ತೀನಿ ಅನ್ನಿಸ್ತು. ಬಿದ್ರೆ ನಾಳೆ ಹೋಗೋದು ಬೇಡ ಅನ್ನಿಸ್ತು. ಅಷ್ಟೇ. ಕಾಲಿಟ್ಟೆ."

ನಾನು ಚೊಂಬನ್ನು ಪಕ್ಕಕ್ಕೆ ಸರಿಸಿದೆ.

"ಆ ರಾತ್ರಿ ನಾಲ್ಕು ಜನಕ್ಕೆ ಟ್ಯೂಬ್ ಹಾಕಿದ್ದೆ. ಮಲಗಿಸೋಕೆ ಮುಂಚೆ ನಾಲ್ಕೂ ಜನ ಕೇಳಿದ್ದು ಒಂದೇ. ಮತ್ತೆ ಎದ್ದೇಳ್ತೀನಾ ಡಾಕ್ಟ್ರೇ ಅಂತ. ನಾಲ್ಕೂ ಜನಕ್ಕೆ ಹೂಂ ಅಂದೆ. ಅವರು ಕೊನೇಗೆ ನೋಡೋದು ನನ್ನ ಮುಖಾನೇ, ಅದೂ ಮಾಸ್ಕ್ ಹಾಕಿರೋ ಮುಖ. ಸುಳ್ಳು ಹೇಳೋ ಎರಡು ಕಣ್ಣು. ನನ್ನ ಕೈಲಿ ಆಗಲ್ಲ ಅಂತ ಯಾರಿಗೆ ಹೇಳಲಿ? ಎಲ್ಲಾರೂ ಮಾಡ್ತಿದಾರೆ. ಕೈ ಮುರಿದ್ರೆ ಯಾರೂ ಕೇಳಲ್ಲ."

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವಾರ ನಾನು ನನ್ನ ಕಾಲನ್ನು ಕೊಂದುಕೊಂಡು ಇವರ ಲಾಡಿ ಕಟ್ಟಿದೆ. ಇವರು ಸುಮ್ಮನಿದ್ದರು.

"ನನಗೆ ಹೇಳಬೋದಿತ್ತು," ಎಂದೆ. "ನಾನೇ ಮಾಡಿದೆ ಅಂತ ದಿನಾ ಸಾಯ್ತಿದ್ದೆ. ನೋಡ್ತಾ ಕೂತಿದ್ರಲ್ಲ."

"ಹೇಳಬೇಕಿತ್ತು. ತಪ್ಪಾಯ್ತು." ಆಮೇಲೆ ಅವರಿಗೂ ಸಿಟ್ಟು ಬಂತು. "ಆದ್ರೆ ನಿನ್ನ ಕಾಲು ಕಟ್ಟಿಹಾಕ್ಕೋ ಅಂತ ನಾನು ಹೇಳಿದ್ನಾ? ಯಾವ ದೇವ್ರು ಬಂದು ಕೇಳಿದ್ದ ನಿನ್ನ ಹರಕೆನ? ಹುಚ್ಚುಮುಂಡೇದೇ, ಆ ವಯಸ್ಸು ವಾಪಸ್ ಬರತ್ತೇನೆ?"

ಬೈದರು. ಕೊನೆಗೂ ಬೈದರು. ಬೈಯುತ್ತಲೇ ಅವರ ಬಾಯಿ ಸೊಟ್ಟಗಾಯಿತು, ಅಳು ಬಂತು. ನಾನು ಹತ್ತಿರ ಹೋಗಿ ಅವರ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿದು ಸೀದ ವಾಸನೆ ಬಂದಾಗ ಇಬ್ಬರೂ ಅಯ್ಯೋ ಎಂದು ಓಡಿದೆವು.

ಭಾನುವಾರ ಮೇಜು ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ ಅಡುಗೆಮನೆ ಖಾಲಿ ಮಾಡಿದೆವು. ನೆಲಕ್ಕೆ ನೀರು ಹಾಕಲಿಲ್ಲ. ಹಾಕಲು ಕೈ ಬರಲಿಲ್ಲ. ಶೂ ಕಟ್ಟಿಕೊಂಡಾಗ ಬೆರಳುಗಳು ಅನ್ಯರ ಮನೆಗೆ ಬಂದವರಂತೆ ಮುದುರಿದವು. ಫೋನು ನಿಲ್ಲಿಸಲು ಸ್ಟ್ಯಾಂಡ್ ಇರಲಿಲ್ಲ. ನಾನೇ ಹಿಡಿಯುತ್ತೇನೆ ಎಂದು ಅಕ್ಕ ಬಾಗಿಲಿಗೆ ಒರಗಿ ನಿಂತರು. ಬಲಗೈಯಲ್ಲಿದ್ದ ಫೋನನ್ನು ಒಂದು ಕ್ಷಣ ನೋಡಿ ಎಡಗೈಗೆ ಬದಲಿಸಿಕೊಂಡರು.

"ಬಲಗೈಲಿ ಹಿಡೀರಿ ಅಕ್ಕ, ಸುಲಭ."

"ಸುಮ್ನೆ ಕುಣಿ," ಎಂದರು.

ಒಂದೇ ಸಲ ತೆಗೆದೆವು. ಎರಡನೇ ಸಲಕ್ಕೆ ನನ್ನ ಕಾಲಿನಲ್ಲಿ ಕಸುವಿರಲಿಲ್ಲ.

ನಿರ್ದೇಶಕಿಯ ಉತ್ತರ ಬುಧವಾರ ಬಂತು. ಒಳ್ಳೆಯ ಹೆಂಗಸು, ನೋಯದ ಹಾಗೆ ಬರೆದಿದ್ದರು. ಈ ಸಲ ಬೇರೆ ಹುಡುಗಿ ಕುಣಿಯಲಿ, ನೀನು ಮೊದಲಿನಂತೆ ಸಾಲಿನಲ್ಲಿರು ಎಂದು. ಆ ಒಂಟಿ ನೃತ್ಯ ನನಗೆ ಮತ್ತೆ ಸಿಗಲಿಲ್ಲ. ಆ ತಂಡದಲ್ಲಿದ್ದ ಉಳಿದ ಎರಡು ವರ್ಷವೂ ನಾನು ಸಾಲಿನವಳೇ. ಅಕ್ಕನ ಮೇಲೆ ಬೇಜಾರಿದೆಯೇ ಎಂದರೆ, ಇದೆ. ಒಮ್ಮೊಮ್ಮೆ ಇವತ್ತಿಗೂ ಇದೆ. ಪ್ರೀತಿ ಇರುವ ಕಡೆ ಬೇಜಾರು ಇರಬಾರದೆಂದೇನೂ ಇಲ್ಲ.

ಅಕ್ಕ ಸೋಮವಾರವೇ ಆಸ್ಪತ್ರೆಗೆ ಫೋನ್ ಮಾಡಿದ್ದರು. ಕೈಯ ಬಗ್ಗೆ ಹೇಳಿದರು, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಉಳಿದದ್ದನ್ನೂ ಯಾರಿಗೋ ಹೇಳಿದರು. ಎರಡು ವಾರ ಬಿಟ್ಟು ಕೆಲಸಕ್ಕೆ ಹೊರಟರು. ಬಾಗಿಲಲ್ಲಿ ಶೂ ಹಾಕಿಕೊಳ್ಳುವಾಗ ನಾನು ಕೇಳಿದೆ.

"ಹೆದರಿಕೆ ಆಗ್ತಿದೆಯಾ ಅಕ್ಕ?"

"ಆಗದೇ ಏನು," ಎಂದರು. ಲೇಸು ಎಳೆದು ಕಟ್ಟಿ ಎದ್ದು ಹೋದರು.

ಆ ವಿಡಿಯೋ ಇನ್ನೂ ನನ್ನ ಹತ್ತಿರ ಇದೆ. ಬೇರೆ ಯಾರಿಗೂ ತೋರಿಸಿಲ್ಲ. ತಿರುಗುವಾಗ ಎರಡು ಕಡೆ ತಪ್ಪಿದ್ದೇನೆ, ಕೊನೆಯ ಜಿಗಿತದಲ್ಲಿ ಹಿಮ್ಮಡಿ ದೊಪ್ಪೆಂದು ನೆಲಕ್ಕೆ ಬೀಳುತ್ತದೆ, ಏದುಸಿರು ಸಂಗೀತಕ್ಕಿಂತ ಜೋರಾಗಿ ಕೇಳಿಸುತ್ತದೆ. ಅದನ್ನು ನೋಡಿದ ಯಾರೇ ಆದರೂ ನನಗೆ ಆ ನೃತ್ಯ ಕೊಡುತ್ತಿರಲಿಲ್ಲ. ಆದರೆ ಆ ಒಂದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಚಿತ್ರ ಒಂದು ಸಲವೂ ಅಲುಗುವುದಿಲ್ಲ.